ಪಾಠಯೋಜನೆಯಲ್ಲಿ ಯಂತ್ರದ ಸ್ಥಾನ: ಭಾವಿ ಶಿಕ್ಷಕರು ಮತ್ತು ತರಗತಿಯ ತಂತ್ರಜ್ಞಾನ

ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರಿಗೆ ತರಗತಿಯ ತಂತ್ರಜ್ಞಾನ ಇಂದು ಐಚ್ಛಿಕ ವಿಷಯವಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಗಳ ಪದವಿಯಾಗಿಸಿತು. ಓದು ಮತ್ತು ಚಿಂತನ, ನಾಟಕ ಮತ್ತು ಕಲೆ, ತನ್ನನ್ನು ತಾನು ಅರಿಯುವುದು, ಇವುಗಳ ಸಾಲಿನಲ್ಲಿಯೇ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ವಿಮರ್ಶೆಯ ಕಣ್ಣಿನಿಂದ ನೋಡುವ ಕೋರ್ಸೂ ಸೇರಿತು. ಕೋರ್ಸಿನ ಉದ್ದೇಶ ದೊಡ್ಡದು. ಹಲವು ಕಾಲೇಜುಗಳಲ್ಲಿ ನಡೆಯುವುದು ಮಾತ್ರ ಚಿಕ್ಕದು: ಗಣಕಯಂತ್ರದ ಭಾಗಗಳು, ಟೈಪಿಂಗ್, ಸ್ಲೈಡ್ ತಯಾರಿಕೆ, ಕೊನೆಗೊಂದು ರೆಕಾರ್ಡ್ ಪುಸ್ತಕ. ಹೀಗೆ ತಯಾರಾದವರು ಪ್ರೊಜೆಕ್ಟರನ್ನು ಚಾಲೂ ಮಾಡಬಲ್ಲರು. ಈ ಪಾಠಕ್ಕೆ, ಈ ಮಕ್ಕಳಿಗೆ ಅದು ಬೇಕೋ ಬೇಡವೋ ಎಂಬ ಪ್ರಶ್ನೆ ಎದುರಾದಾಗ ಅವರ ಕೈಯಲ್ಲಿ ಅಳತೆಗೋಲು ಇರುವುದಿಲ್ಲ. ಆ ಅಳತೆಗೋಲು ದೊರೆಯುವುದು ಬೋಧಿಸುವ ವಿಷಯದ ಆಳವಾದ ತಿಳಿವಿನಿಂದ ಮತ್ತು ಬೋಧನಾಭ್ಯಾಸದಿಂದ. ಗಣಕ ಕೊಠಡಿಯೊಂದರಿಂದಲೇ ಅದು ದೊರೆಯದು.

ತರಗತಿಗೆ ಯಂತ್ರ ಬಂದದ್ದು ಹೊಸತೇನಲ್ಲ. ಚಲನಚಿತ್ರ ಬಂದ ಮೇಲೆ ಶಾಲೆಯಲ್ಲಿ ಪುಸ್ತಕಕ್ಕೆ ಕೆಲಸವಿರುವುದಿಲ್ಲ ಎಂದು ಥಾಮಸ್ ಎಡಿಸನ್ 1913ರಷ್ಟು ಹಿಂದೆಯೇ ಭವಿಷ್ಯ ನುಡಿದಿದ್ದರು. ಮೈಸೂರಿನಲ್ಲಿ 1935ರಲ್ಲಿ ಬಾನುಲಿ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ವೃತ್ತಿಯಿಂದ ಮನಃಶಾಸ್ತ್ರದ ಪ್ರಾಧ್ಯಾಪಕರು. ಕನ್ನಡ ನಾಡಿನ ಬಾನುಲಿಯ ಮೊದಲ ಹೆಜ್ಜೆ ಒಬ್ಬ ಮೇಷ್ಟರದು ಎಂಬುದು ನೆನಪಿಡಬೇಕಾದ ಸಂಗತಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಆ ಪ್ರಯೋಗದಲ್ಲಿ ಮಕ್ಕಳ ಕಾರ್ಯಕ್ರಮಗಳಿಗಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯಲ್ಲಿ ಕೊಟ್ಟ ತರಬೇತಿ. ಪರದೆಯ ಪಾಠವನ್ನಷ್ಟೇ ಅದು ನೆಚ್ಚಿಕೊಂಡಿರಲಿಲ್ಲ. ರೇಡಿಯೊ, ಮುದ್ರಿತ ಕೈಪಿಡಿ, ಸ್ಥಳೀಯ ಮಾರ್ಗದರ್ಶಕರ ಸಮ್ಮುಖದಲ್ಲಿ ಕೈಯಾರೆ ಮಾಡುವ ಚಟುವಟಿಕೆ, ಇವೆಲ್ಲ ಅದರೊಡನೆ ಹೆಣೆದುಕೊಂಡಿದ್ದವು. ಅರ್ಧ ಶತಮಾನದ ಹಿಂದಿನ ಆ ವಿನ್ಯಾಸ ಇಂದಿನ ಎಷ್ಟೋ ಆನ್‌ಲೈನ್ ತರಬೇತಿಗಳಿಗಿಂತ ಪ್ರೌಢವಾಗಿತ್ತು.

ಆಮೇಲೆ ಯಂತ್ರಗಳು ಒಂದರ ಹಿಂದೊಂದು ಬಂದವು. 1984ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಗಣಕಗಳನ್ನು ಶಾಲೆಗಳಿಗೆ ತಂದಿತು. ಹೊಸ ಶತಮಾನದ ಮೊದಲಲ್ಲಿ ಕರ್ನಾಟಕದ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣದ ಮಾಹಿತಿ ಸಿಂಧು ಯೋಜನೆ ಬಂತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಉಪಗ್ರಹದ ಪ್ರಾಥಮಿಕ ಶಿಕ್ಷಣದ ಪ್ರಯೋಗಕ್ಕೆ ಚಾಮರಾಜನಗರ ಜಿಲ್ಲೆಯನ್ನು ಆರಿಸಿಕೊಳ್ಳಲಾಯಿತು. ‘ಕೇಳಿ-ಕಲಿ’ ಬಾನುಲಿ ಪಾಠಗಳು ರಾಜ್ಯದ ಶಾಲೆಗಳಲ್ಲಿ ಕೇಳಿಸಿದವು. ಇವುಗಳಲ್ಲಿ ಬಹುಪಾಲು ಯೋಜನೆಗಳಲ್ಲಿ ಪಾಠ ತಯಾರಾದದ್ದು ಎಲ್ಲೋ ದೂರದಲ್ಲಿ. ತರಗತಿಯ ಶಿಕ್ಷಕರಿಗೆ ಉಳಿದದ್ದು ಸಾಧನವನ್ನು ಸಮಯಕ್ಕೆ ಸರಿಯಾಗಿ ಹಾಕುವ ಕೆಲಸ. ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ 1986ರ ತಮ್ಮ ಪುಸ್ತಕದಲ್ಲಿ ಚಲನಚಿತ್ರ, ರೇಡಿಯೊ, ದೂರದರ್ಶನಗಳ ಕಥೆಯನ್ನು ಸಾಲಾಗಿ ಪರಿಶೀಲಿಸಿ ಇದೇ ಮಾದರಿಯನ್ನು ಕಂಡರು. ಪ್ರತಿ ಸಲವೂ ದೊಡ್ಡ ಭರವಸೆ, ಅನಂತರ ಅಲ್ಲೊಂದು ಇಲ್ಲೊಂದು ಬಳಕೆ, ಕೊನೆಗೆ ಶಿಕ್ಷಕರ ಮೇಲೆ ದೂರು. ಕ್ಯೂಬನ್ ಆ ದೂರನ್ನು ಒಪ್ಪಲಿಲ್ಲ. ತುಂಬಿದ ತರಗತಿ, ಮುಗಿಸಲೇಬೇಕಾದ ಪಠ್ಯ, ಗಂಟೆಗೆ ಕಟ್ಟಿಹಾಕಿದ ವೇಳಾಪಟ್ಟಿ, ಇವುಗಳ ನಡುವೆ ಶಿಕ್ಷಕರು ತಮ್ಮ ಹತೋಟಿಯಲ್ಲಿರುವ, ಬೇಕಾದಾಗ ಬೇಕಾದಂತೆ ಬಳಸಬಹುದಾದ ಸಾಧನವನ್ನೇ ಆರಿಸಿಕೊಳ್ಳುತ್ತಾರೆ ಎಂದು ಅವರು ತೋರಿಸಿದರು. ಸೀಮೆಸುಣ್ಣ ಮತ್ತು ಕರಿಹಲಗೆ ಇಷ್ಟು ಕಾಲ ಬಾಳಿದ್ದು ಈ ಕಾರಣದಿಂದ.

ಇದಕ್ಕೆ ಎದುರಾಗಿ ಇಡಬೇಕಾದ ಕರ್ನಾಟಕದ ಉದಾಹರಣೆ ನಲಿ-ಕಲಿ. 1990ರ ದಶಕದ ನಡುವೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಬಹುವರ್ಗ ಬೋಧನೆಯನ್ನು ನೋಡಿ ಬಂದರು. ಕಲಿಕಾ ಏಣಿ, ಕಾರ್ಡುಗಳು, ಗುಂಪು ತಟ್ಟೆಗಳನ್ನು ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ರೂಪಿಸಿಕೊಂಡರು. ವಿದ್ಯುತ್ತಿಲ್ಲ, ಪರದೆಯಿಲ್ಲ; ಆದರೂ ಅದು ಪೂರ್ಣಾರ್ಥದಲ್ಲಿ ತಂತ್ರಜ್ಞಾನವೇ. ಪ್ರತಿ ಮಗು ಎಲ್ಲಿದೆ ಎಂದು ಗುರುತಿಸುವ, ಮುಂದಿನ ಮೆಟ್ಟಿಲನ್ನು ತೋರಿಸುವ ವ್ಯವಸ್ಥೆ ಅದರಲ್ಲಿತ್ತು. ಇಂದಿನ ಕಲಿಕಾ ತಂತ್ರಾಂಶಗಳು ಹೇಳಿಕೊಳ್ಳುವ ಗುಣವೂ ಅದೇ. ನಲಿ-ಕಲಿ ತಾಲ್ಲೂಕಿನಿಂದ ರಾಜ್ಯಕ್ಕೆ ಹಬ್ಬಲು ಸಾಧ್ಯವಾದದ್ದು ಅದನ್ನು ಕಟ್ಟಿದವರು ಶಿಕ್ಷಕರೇ ಆಗಿದ್ದುದರಿಂದ.

ಗಣಕ ಬಂದರೆ ಕಲಿಕೆ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಸಂಶೋಧನೆ ಒಂದೇ ಮಾತಿನ ಉತ್ತರ ಕೊಟ್ಟಿಲ್ಲ. ಭಾವಿ ಶಿಕ್ಷಕರು ತಿಳಿದಿರಬೇಕಾದದ್ದು ಆ ಉತ್ತರದ ಒಳವಿವರಗಳನ್ನು. ಪೆರು ದೇಶದ 319 ಗ್ರಾಮೀಣ ಪ್ರಾಥಮಿಕ ಶಾಲೆಗಳ ಅಧ್ಯಯನವೊಂದರ ಫಲಿತಾಂಶ 2012ರಲ್ಲಿ ಹೊರಬಂತು. ಮಗುವಿಗೊಂದರಂತೆ ಲ್ಯಾಪ್‌ಟಾಪ್ ಕೊಟ್ಟಿದ್ದರೂ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಹೆಚ್ಚಳ ಕಾಣಲಿಲ್ಲ. ಗುಜರಾತಿನ ಜ್ಞಾನಶಾಲೆಗಳಲ್ಲಿ ಲೀ ಲಿಂಡೆನ್ ನಡೆಸಿದ ಅಧ್ಯಯನ ಇನ್ನೂ ಬೋಧಪ್ರದ. ಒಂದೇ ಗಣಿತ ತಂತ್ರಾಂಶವನ್ನು ಶಿಕ್ಷಕರ ಪಾಠದ ಸಮಯವನ್ನು ಕಿತ್ತುಕೊಂಡು ಬಳಸಿದಾಗ ಮಕ್ಕಳು ಹಿಂದೆ ಬಿದ್ದರು. ಶಾಲೆಯ ಅವಧಿಯ ಹೊರಗೆ ಹೆಚ್ಚುವರಿ ಅಭ್ಯಾಸವಾಗಿ ಬಳಸಿದಾಗ ಮುಂದೆ ಬಂದರು. ದೆಹಲಿಯ ಮಾಧ್ಯಮಿಕ ಹಂತದ ಮಕ್ಕಳ ಮೇಲೆ ನಡೆಸಿದ, 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಾಲ್ಕೂವರೆ ತಿಂಗಳಲ್ಲೇ ಗಣಿತ ಮತ್ತು ಹಿಂದಿಯಲ್ಲಿ ಸ್ಪಷ್ಟ ಪ್ರಗತಿ ಕಂಡಿತು. ಅಲ್ಲಿ ಅವಧಿಯ ಅರ್ಧ ಭಾಗ ತಂತ್ರಾಂಶದ ಮುಂದೆ, ಇನ್ನರ್ಧ ಸಣ್ಣ ಗುಂಪಿನಲ್ಲಿ ಬೋಧಕರ ಜತೆ. ತಂತ್ರಾಂಶ ತರಗತಿಯ ಪಠ್ಯವನ್ನು ಬದಿಗಿಟ್ಟು ಮಗು ನಿಜವಾಗಿ ಇರುವ ಮಟ್ಟದಿಂದ ಶುರು ಮಾಡುತ್ತಿತ್ತು. ಆರನೆಯ ತರಗತಿಯ ಮಗು ಮೂರನೆಯ ತರಗತಿಯ ಲೆಕ್ಕದಲ್ಲಿ ಎಡವುತ್ತಿದ್ದರೆ ಅಲ್ಲಿಂದಲೇ. ಈ ಮೂರನ್ನೂ ಒಟ್ಟಿಗೆ ಓದಿದವರಿಗೆ ಯಂತ್ರದ ಗುಣಕ್ಕಿಂತ ಅದು ಶಿಕ್ಷಕರ ಕೆಲಸದ ಯಾವ ಜಾಗದಲ್ಲಿ ಬಂದು ಕೂರುತ್ತದೆ ಎಂಬುದೇ ಮುಖ್ಯವೆಂದು ಕಾಣುತ್ತದೆ.

ಆ ಜಾಗವನ್ನು ಗುರುತಿಸುವುದು ಹೇಗೆ? ಲೀ ಶುಲ್ಮನ್ 1986ರಲ್ಲಿ ಒಂದು ವಿಚಾರ ಮುಂದಿಟ್ಟರು. ವಿಷಯ ತಿಳಿದಿರುವುದು ಬೇರೆ, ಬೋಧಿಸಲು ಬರುವುದು ಬೇರೆ. ಇವೆರಡೂ ಬೆರೆತ ಮೂರನೆಯ ತಿಳಿವೊಂದು ಶಿಕ್ಷಕರಿಗಿರುತ್ತದೆ. ಭಿನ್ನರಾಶಿ ಗೊತ್ತಿರುವವರಿಗೆಲ್ಲ ಮಕ್ಕಳು ಭಿನ್ನರಾಶಿಯಲ್ಲಿ ಎಲ್ಲಿ ಎಡವುತ್ತಾರೆಂದು ಗೊತ್ತಿರುವುದಿಲ್ಲ. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಇದಕ್ಕೆ ತಂತ್ರಜ್ಞಾನದ ತಿಳಿವನ್ನು ಸೇರಿಸಿ ‘ಟಿಪ್ಯಾಕ್’ ಎಂದು ಹೆಸರಾದ ಚೌಕಟ್ಟನ್ನು ಕೊಟ್ಟರು. ಬಿ.ಎಡ್. ಪರೀಕ್ಷೆಯಲ್ಲಿ ಅದರ ಮೂರು ವೃತ್ತಗಳ ಚಿತ್ರ ಬರೆಯುವುದು ಸುಲಭ. ಅದು ಅರ್ಥವಾಗುವುದು ಪಾಠವೊಂದನ್ನು ಎದುರಿಗಿಟ್ಟುಕೊಂಡಾಗ.

ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಎಂಬ ಪಾಠವನ್ನೇ ನೋಡಬಹುದು. ಕರಿಹಲಗೆಯ ಮೇಲೆ ಒಂದು ತ್ರಿಭುಜ ಬರೆದರೆ ಅದು ಒಂದೇ ತ್ರಿಭುಜ. ಆಸ್ಟ್ರಿಯಾದಲ್ಲಿ ಮಾರ್ಕಸ್ ಹೋಹನ್‌ವಾರ್ಟರ್ ರೂಪಿಸಿದ ಜಿಯೋಜೀಬ್ರಾ ತಂತ್ರಾಂಶದಲ್ಲಿ ಒಂದು ಶೃಂಗವನ್ನು ಹಿಡಿದು ಎಳೆದರೆ ಕ್ಷಣಕ್ಕೊಂದು ತ್ರಿಭುಜ. ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಬದಲಾಗುವುದಿಲ್ಲ. ಕರಿಹಲಗೆಯಿಂದ ಆಗದ ಕೆಲಸ ಇದು. ಆದರೆ ಕೋನಗಳನ್ನು ಪೂರ್ಣಾಂಕಕ್ಕೆ ಸರಿಹೊಂದಿಸಿ ತೋರಿಸುವಂತೆ ಇಟ್ಟಿದ್ದರೆ, ಪರದೆಯ ಮೂರು ಸಂಖ್ಯೆಗಳನ್ನು ಕೂಡಿದ ಮಗು ಒಮ್ಮೊಮ್ಮೆ 179 ಅಥವಾ 181 ಎಂದು ಹೇಳುತ್ತದೆ. ವಿಷಯದ ಮೇಲೆ ಹಿಡಿತವಿಲ್ಲದವರು ಅಲ್ಲಿ ಗಲಿಬಿಲಿಗೊಳ್ಳುತ್ತಾರೆ. ಹಿಡಿತವಿರುವವರು ಅಳತೆಗೂ ಸಾಧನೆಗೂ ಇರುವ ವ್ಯತ್ಯಾಸದ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಸಾವಿರ ತ್ರಿಭುಜ ಎಳೆದು ನೋಡಿದರೂ ಅದು ಸಾಧನೆಯಾಗುವುದಿಲ್ಲ. ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಗೆರೆ ಎಳೆದು ಪರ್ಯಾಯ ಕೋನಗಳನ್ನು ಗುರುತಿಸಿದಾಗ ಆಗುತ್ತದೆ. ಆ ಹಂತಕ್ಕೆ ಸೀಮೆಸುಣ್ಣವೇ ಸರಿ, ಏಕೆಂದರೆ ಕೈ ಬರೆಯುವ ವೇಗ ಮತ್ತು ಮಗು ಯೋಚಿಸುವ ವೇಗ ಒಂದಕ್ಕೊಂದು ಹತ್ತಿರ.

ವಿಜ್ಞಾನದಲ್ಲಿ ಅಪಾಯ ಇನ್ನೊಂದು ಬಗೆಯದು. ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಅನುಕರಣೆಗಳು ಉಚಿತ, ಅಂತರ್ಜಾಲವಿಲ್ಲದೆಯೂ ಓಡಿಸಬಹುದು. ವಿದ್ಯುನ್ಮಂಡಲದ ಅನುಕರಣೆಯಲ್ಲಿ ಎಲೆಕ್ಟ್ರಾನುಗಳು ಹರಿಯುವುದು ಕಾಣುತ್ತದೆ. ಕಣ್ಣಿಗೆ ಕಾಣದ್ದನ್ನು ಕಾಣಿಸುವ ಈ ಶಕ್ತಿಗೆ ಬೆಲೆಯಿದೆ. ಆದರೆ ಅದರೊಳಗಿನ ತಂತಿ ಎಂದೂ ಸಡಿಲವಾಗುವುದಿಲ್ಲ, ಹೋಲ್ಡರ್‌ಗೆ ತುಕ್ಕು ಹಿಡಿಯುವುದಿಲ್ಲ, ಬಲ್ಬು ಸುಡುವುದಿಲ್ಲ. ಟಾರ್ಚಿನ ಬಲ್ಬು, ಸೆಲ್, ಒಂದು ತುಂಡು ತಂತಿ ಹಿಡಿದು ದೀಪ ಏಕೆ ಹೊತ್ತುತ್ತಿಲ್ಲವೆಂದು ತಲೆ ಕೆರೆದುಕೊಂಡ ಮಗುವಿಗೆ ಆ ಅನುಕರಣೆ ಉತ್ತರವಾಗಿ ಬರುತ್ತದೆ. ಬಲ್ಬನ್ನೇ ಮುಟ್ಟದ ಮಗುವಿಗೆ ಆಟವಾಗಿ ಉಳಿಯುತ್ತದೆ. ಚಂದ್ರನ ಕಲೆಗಳ ವಿಡಿಯೊಗೂ ಇದೇ ಮಾತು ಸಲ್ಲುತ್ತದೆ. ಎರಡು ವಾರ ಸಂಜೆ ಹೊತ್ತು ಆಕಾಶ ನೋಡಿ ಚಿತ್ರ ಬರೆದುಕೊಂಡ ಮಕ್ಕಳಿಗೆ ಅದನ್ನು ತೋರಿಸಬೇಕು.

ತಂತ್ರಜ್ಞಾನ ವಿಜ್ಞಾನ-ಗಣಿತದವರ ಸೊತ್ತೆಂಬ ಭಾವನೆ ತರಬೇತಿ ಕಾಲೇಜುಗಳಲ್ಲಿ ಬಲವಾಗಿದೆ. ಕನ್ನಡ ಶಿಕ್ಷಕರಿಗೆ ಅದರ ಅಗತ್ಯ ನಿಜಕ್ಕೂ ಹೆಚ್ಚು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಕಿವಿಗೆ ಸೇರಿದ ಕಾವ್ಯ. ಗಮಕ ಬಾರದ ಶಿಕ್ಷಕರು ಅದನ್ನು ಗದ್ಯದಂತೆ ಓದಿ ಅರ್ಥ ಹೇಳಿದಾಗ ಮಕ್ಕಳಿಗೆ ದಕ್ಕುವುದು ಕಥೆ ಮಾತ್ರ. ಒಳ್ಳೆಯ ಗಮಕಿಯೊಬ್ಬರ ವಾಚನದ ಐದು ನಿಮಿಷದ ಧ್ವನಿಮುದ್ರಣ, ಒಂದು ಚಿಕ್ಕ ಸ್ಪೀಕರ್, ಇಷ್ಟಿದ್ದರೆ ಪದ್ಯದ ನಡಿಗೆ ತರಗತಿಗೆ ಬರುತ್ತದೆ. ಅದೇ ಪದ್ಯಕ್ಕೆ ಪ್ರಸ್ತಾರ ಹಾಕಿ ಲಘು-ಗುರು ಗುರುತಿಸಿ ಗಣ ವಿಂಗಡಿಸುವಾಗ ಸ್ಲೈಡು ಕೆಲಸಕ್ಕೆ ಬಾರದು. ಸಿದ್ಧ ಉತ್ತರ ಒಮ್ಮೆಗೇ ಪರದೆಗೆ ಬಂದರೆ ಮಕ್ಕಳು ನಕಲು ಮಾಡಿಕೊಳ್ಳುತ್ತಾರೆ. ಒಬ್ಬೊಬ್ಬರನ್ನು ಹಲಗೆಯ ಬಳಿ ಕರೆದು ಹಾಕಿಸಿದರೆ ಕಲಿಯುತ್ತಾರೆ. ಒಂದೇ ಪದ್ಯದಲ್ಲಿ ಯಂತ್ರ ಬೇಕಾದ ಜಾಗವೂ ಇದೆ, ಬೇಡವಾದ ಜಾಗವೂ ಇದೆ. ಸಮಾಜ ವಿಜ್ಞಾನದ ವಿಷಯದಲ್ಲಿ ಒಂದನ್ನು ಹೇಳಿದರೆ ಸಾಕು: ಇಸ್ರೊ 2009ರಿಂದ ನಡೆಸುತ್ತಿರುವ ಭುವನ್ ನಕಾಶೆಯಲ್ಲಿ ಮಕ್ಕಳು ತಮ್ಮೂರಿನ ಕೆರೆ, ಅದರ ಕೋಡಿ, ನೀರು ಹರಿದು ಹೋಗುವ ಜಾಡು ಹುಡುಕಿ, ಬಳಿಕ ನಡೆದು ಹೋಗಿ ನೋಡಿ ಬರುವುದು ಭೂಗೋಳದ ಅತ್ಯುತ್ತಮ ಪಾಠಗಳಲ್ಲೊಂದು.

ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗೆ ಮೊದಲು ಎದುರಾಗುವುದು ಪರಿಸ್ಥಿತಿ. ಪ್ರೊಜೆಕ್ಟರ್ ಇದೆ, ಅದು ಮುಖ್ಯ ಶಿಕ್ಷಕರ ಕೊಠಡಿಯ ಬೀರುವಿನಲ್ಲಿದೆ. ಸ್ಮಾರ್ಟ್ ಬೋರ್ಡ್ ಇದೆ, ಯುಪಿಎಸ್ ಬ್ಯಾಟರಿ ಸತ್ತಿದೆ. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಹಿಂದಿನ ಸಾಲಿನವರಿಗೆ ಏನೂ ಕಾಣುವುದಿಲ್ಲ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರ ಶಿಕ್ಷಕರ ದಿನದಂದು ಆರಂಭವಾದ ದೀಕ್ಷಾ ವೇದಿಕೆಯ ಪಾಠ ತೆರೆಯಬೇಕು. ನೆಟ್‌ವರ್ಕ್ ಇಲ್ಲದೆ ಚಕ್ರ ಸುತ್ತುತ್ತಲೇ ಇರುತ್ತದೆ. ಇವನ್ನು ಗೊಣಗಾಟದ ವಿಷಯವಾಗಿಸದೆ ಪಾಠಯೋಜನೆಯ ಅಂಗವಾಗಿಸುವುದು ತರಬೇತಿಯ ಕರ್ತವ್ಯ. ವಿಡಿಯೊವನ್ನು ಹಿಂದಿನ ದಿನವೇ ಇಳಿಸಿಕೊಂಡು ಪೂರ್ತಿ ನೋಡಿ ಇಟ್ಟುಕೊಳ್ಳುವುದು, ಹತ್ತು ನಿಮಿಷದ ವಿಡಿಯೊದಲ್ಲಿ ಬೇಕಾದ ಎರಡೇ ನಿಮಿಷವನ್ನು ಗುರುತು ಹಾಕಿಕೊಳ್ಳುವುದು, ಎಲ್ಲಿ ನಿಲ್ಲಿಸಿ ಯಾವ ಪ್ರಶ್ನೆ ಕೇಳಬೇಕೆಂದು ಬರೆದಿಡುವುದು, ಕರೆಂಟ್ ಹೋದರೆ ಅದೇ ಗುರಿಗೆ ಕರೆದೊಯ್ಯುವ ಇನ್ನೊಂದು ಚಟುವಟಿಕೆ ಸಿದ್ಧವಿರುವುದು. ಇಷ್ಟು ಬರೆದ ಪಾಠಯೋಜನೆ ಮೇಲ್ವಿಚಾರಕರ ಸಹಿಗಾಗಿ ಬರೆದ ಟಿಪ್ಪಣಿಗಿಂತ ಬೇರೆಯೇ ಆಗಿರುತ್ತದೆ.

ಕನ್ನಡ ಮಾಧ್ಯಮದ ಶಿಕ್ಷಕರಿಗೆ ಇನ್ನೊಂದು ತೊಡಕಿದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ಆ ಅಕ್ಷರಶೈಲಿ ಇಲ್ಲದ ಗಣಕ ಅಥವಾ ಮೊಬೈಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದು ಎಲ್ಲೆಡೆ ಓದಿಸಿಕೊಳ್ಳುತ್ತದೆ, ಹುಡುಕಿದರೆ ಸಿಗುತ್ತದೆ, ದೃಷ್ಟಿದೋಷವಿರುವ ಮಗುವಿಗೆ ಗಣಕ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಯೂನಿಕೋಡ್ ಕನ್ನಡದಲ್ಲಿ ಸರಾಗವಾಗಿ ಟೈಪ್ ಮಾಡುವುದು ಪ್ರತಿ ಪ್ರಶಿಕ್ಷಣಾರ್ಥಿಯ ಮೊದಲ ತಿಂಗಳ ಪಾಠವಾಗಬೇಕು. ಬರೆಯಲು ಬಂದವರು ಹಂಚಿಕೊಳ್ಳುತ್ತಾರೆ. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರು ವಿಷಯ ಶಿಕ್ಷಕರ ವೇದಿಕೆಯ ಮೂಲಕ ‘ಕೋಯರ್’ ಎಂಬ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನು ಕನ್ನಡದಲ್ಲಿ ಬೆಳೆಸಿದ್ದಾರೆ. ಗಣಿತದ ಶಿಕ್ಷಕರೊಬ್ಬರು ಮಾಡಿಟ್ಟ ಜಿಯೋಜೀಬ್ರಾ ಕಡತವನ್ನು ಇನ್ನೊಂದು ಜಿಲ್ಲೆಯವರು ತಿದ್ದಿ ಬಳಸಬಹುದಾದ ಏರ್ಪಾಡು ಅದು. ನಲಿ-ಕಲಿಯ ಕಾರ್ಡುಗಳಲ್ಲಿದ್ದ ಕರ್ತೃತ್ವ ಇಲ್ಲಿ ಮತ್ತೆ ಕಾಣುತ್ತದೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಈ ಎಲ್ಲ ಸಿದ್ಧತೆಯೂ ಏಕಕಾಲಕ್ಕೆ ಪರೀಕ್ಷೆಗೆ ಒಳಗಾಯಿತು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಪ್ರಸಾರವಾದವು. ಆ ವರ್ಷ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮದಲ್ಲಿ ಶಿಕ್ಷಕರು ಮಾಡಿದ ಮೊದಲ ಕೆಲಸ ಮನೆಮನೆಯ ಲೆಕ್ಕ: ಯಾವ ಮಗುವಿನ ಮನೆಯಲ್ಲಿ ಫೋನಿಲ್ಲ, ಎಲ್ಲಿ ಸಾದಾ ಫೋನಿದೆ, ಎಲ್ಲಿ ಇಂಟರ್ನೆಟ್ ಇರುವ ಫೋನಿದೆ. ಅದಕ್ಕೆ ತಕ್ಕಂತೆ ಗುಂಪು ಮಾಡಿ ಗುಡಿಯ ಜಗಲಿ, ಸಮುದಾಯ ಭವನ, ಮರದ ನೆರಳಿನಲ್ಲಿ ಪಾಠ ನಡೆಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ಜನವರಿಯಲ್ಲಿ ಮತ್ತೆ ಶುರುವಾಯಿತು. ಮಗುವಿನ ಮನೆಯಲ್ಲಿ ಏನಿದೆ ಎಂದು ತಿಳಿದ ಮೇಲೆ ಸಾಧನ ಆರಿಸುವ ಆ ಕ್ರಮವನ್ನು ಬಿ.ಎಡ್. ಪಠ್ಯದಲ್ಲಿ ಪ್ರಕರಣ ಅಧ್ಯಯನವಾಗಿ ಸೇರಿಸುವುದು ಉಚಿತ. ಈಗ ಫೋನಿನ ಕೊರತೆ ಕಡಿಮೆಯಾಗಿದೆ, ಪ್ರಶ್ನೆ ಬದಲಾಗಿದೆ. ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆಂದು 2024ರ ಅಸರ್ ವರದಿ ಹೇಳುತ್ತದೆ. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರದಲ್ಲಿ ಓದಿಗೆ ಸಂಬಂಧಿಸಿ ಅದನ್ನು ಬಳಸಿದವರು ಸುಮಾರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಸುಮಾರು ಶೇ. 76.

ಕೃತಕ ಬುದ್ಧಿಮತ್ತೆ ತಂದಿರುವ ಬದಲಾವಣೆ ಪಾಠಯೋಜನೆಯನ್ನೇ ತಟ್ಟಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ 2023ರಲ್ಲಿ ಕರ್ನಾಟಕದ ಕೆಲವು ಸರ್ಕಾರಿ ಶಾಲೆಗಳಲ್ಲಿ ‘ಶಿಕ್ಷಾ ಕೋಪೈಲಟ್’ ಪ್ರಯೋಗಿಸಿದವು. ರಾಜ್ಯದ ಪಠ್ಯಕ್ಕೆ ಹೊಂದುವ ಪಾಠಯೋಜನೆಯನ್ನು ಅದು ಕೆಲವೇ ನಿಮಿಷಗಳಲ್ಲಿ ಸಿದ್ಧಪಡಿಸಿಕೊಡುತ್ತದೆ. ಅನುಭವಿ ಶಿಕ್ಷಕರಿಗೆ ಇದು ಬರವಣಿಗೆಯ ಹೊರೆ ಇಳಿಸುವ ಸಹಾಯ. ಪ್ರಶಿಕ್ಷಣಾರ್ಥಿಯ ಸ್ಥಿತಿ ಬೇರೆ. ಪಾಠಯೋಜನೆ ಬರೆಯುವ ಕಷ್ಟದಲ್ಲಿಯೇ ಪಾಠದ ಒಡಲು ಬಿಚ್ಚಿಕೊಳ್ಳುತ್ತದೆ: ಯಾವುದು ಮೊದಲು, ಯಾವ ಉದಾಹರಣೆ, ಮಗು ಯಾವ ತಪ್ಪು ಉತ್ತರ ಕೊಟ್ಟೀತು. ಆ ಕಷ್ಟವನ್ನು ಆರಂಭದಲ್ಲೇ ಯಂತ್ರಕ್ಕೆ ಒಪ್ಪಿಸಿದವರಿಗೆ ಯಂತ್ರದ ಯೋಜನೆಯಲ್ಲಿರುವ ದೋಷ ಕಾಣಿಸುವುದಿಲ್ಲ. ಕನ್ನಡದಲ್ಲಿ ಇಂಥ ವ್ಯವಸ್ಥೆಗಳು ಇಲ್ಲದ ಪದ ಸೃಷ್ಟಿಸುವುದು, ಕವಿ ಬರೆಯದ ಕೃತಿಯನ್ನು ಅವರ ಹೆಸರಿಗೆ ಕಟ್ಟುವುದು, ಛಂದಸ್ಸಿನ ಲೆಕ್ಕ ತಪ್ಪುವುದು ಉಂಟು. ಆದ್ದರಿಂದ ಮೊದಲು ಸ್ವಂತ ಯೋಜನೆ ಬರೆದು, ಆಮೇಲೆ ಯಂತ್ರದ್ದನ್ನು ತರಿಸಿ, ಎರಡನ್ನೂ ಪಕ್ಕದಲ್ಲಿಟ್ಟು ತಿದ್ದುವ ಕ್ರಮವೇ ತರಬೇತಿಯಲ್ಲಿ ಸರಿಯಾದದ್ದು.

ಮಕ್ಕಳ ಖಾಸಗಿತನದ ಬಗ್ಗೆ ತರಬೇತಿ ಕಾಲೇಜುಗಳು ಹೆಚ್ಚು ಹೇಳುವುದಿಲ್ಲ, ಹೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಸಾಮಾನ್ಯವಾಗಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಡಿಮೆ ಅಂಕ ಪಡೆದವರ ಪಟ್ಟಿಯನ್ನು ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಬಿಸಿಯೂಟಕ್ಕೆ ಕೂತ ಮಕ್ಕಳ ಮುಖ ಕಾಣುವ ಚಿತ್ರವನ್ನು ಸ್ಟೇಟಸ್ಸಿಗೆ ಏರಿಸುವುದು ಸಣ್ಣ ಸಂಗತಿಗಳೆಂದು ತೋರಬಹುದು. ಮಗುವಿನ ಮಾನಕ್ಕೆ ಸಂಬಂಧಿಸಿದ್ದು ಯಾವುದೂ ಸಣ್ಣದಲ್ಲ.

ಇಷ್ಟೆಲ್ಲವನ್ನೂ ಕಲಿಸುವ ಹೊಣೆ ಶಿಕ್ಷಕ ಶಿಕ್ಷಕರದು, ಮತ್ತು ಅವರ ಕೈಯಲ್ಲಿ ಈಗಾಗಲೇ ಒಂದು ಒಳ್ಳೆಯ ಸಾಧನವಿದೆ. ಅಣುಬೋಧನೆ ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಚಿಕ್ಕ ಪಾಠವನ್ನು ವಿಡಿಯೊದಲ್ಲಿ ಮುದ್ರಿಸಿ, ಪಾಠ ಮಾಡಿದವರಿಗೇ ತೋರಿಸಿ, ತಿದ್ದಿಕೊಂಡು ಮತ್ತೆ ಮಾಡಿಸುವುದು ಅದರ ಜೀವಾಳ. ಭಾರತಕ್ಕೆ ಅದು ಬಂದಾಗ ಕ್ಯಾಮರಾ ದುಬಾರಿಯಾಗಿತ್ತು. ಆದ್ದರಿಂದ ಇಲ್ಲಿನ ಮಾದರಿಯಲ್ಲಿ ಸಹಪಾಠಿಗಳೇ ಮಕ್ಕಳಾದರು, ವೀಕ್ಷಣಾ ಪಟ್ಟಿಯೇ ಕ್ಯಾಮರಾ ಆಯಿತು. ಇಂದು ಪ್ರತಿ ಪ್ರಶಿಕ್ಷಣಾರ್ಥಿಯ ಜೇಬಿನಲ್ಲೂ ಕ್ಯಾಮರಾ ಇದೆ. ಅಣುಬೋಧನೆ ಮಾತ್ರ ಹಲವೆಡೆ ಹಾಳೆಯ ಮೇಲೆಯೇ ಉಳಿದಿದೆ. ಆ ಕ್ಯಾಮರಾ ಏನನ್ನು ತೋರಿಸಬಲ್ಲದು ಎಂಬುದಕ್ಕೆ ಒಂದು ಉದಾಹರಣೆ: ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆ. ತಾವು ಎಷ್ಟು ಕಾಯುತ್ತೇವೆಂದು ಪ್ರಶಿಕ್ಷಣಾರ್ಥಿಗಳು ತಮ್ಮದೇ ಪಾಠದ ಮುದ್ರಣ ನೋಡಿ ಅಳೆಯಬಹುದು. ಇಡೀ ಪಾಠದಲ್ಲಿ ಯಾರನ್ನು ಮಾತಾಡಿಸಲಿಲ್ಲ, ವಿಡಿಯೊ ಓಡುತ್ತಿದ್ದಾಗ ಮಕ್ಕಳನ್ನು ನೋಡುತ್ತಿದ್ದರೋ ಪರದೆಯನ್ನೋ ಎಂಬುದೂ ಅಲ್ಲೇ ಕಾಣುತ್ತದೆ.

ಎರಡು ವರ್ಷದ ಬಿ.ಎಡ್.ನಲ್ಲಿ ಶಾಲಾ ಇಂಟರ್ನ್‌ಶಿಪ್‌ಗೆ 20 ವಾರಗಳಿವೆ. ತಂತ್ರಜ್ಞಾನದ ಕೋರ್ಸಿನ ಮೌಲ್ಯಮಾಪನವನ್ನು ಗಣಕ ಕೊಠಡಿಯ ರೆಕಾರ್ಡ್ ಪುಸ್ತಕದಿಂದ ಈ ವಾರಗಳಿಗೆ ವರ್ಗಾಯಿಸಲು ಹೊಸ ಅನುದಾನವೇನೂ ಬೇಕಿಲ್ಲ. ಒಂದೇ ಪಾಠಾಂಶವನ್ನು ಒಂದು ವಿಭಾಗಕ್ಕೆ ಪರದೆಯೊಡನೆ, ಇನ್ನೊಂದು ವಿಭಾಗಕ್ಕೆ ಪರದೆಯಿಲ್ಲದೆ ಬೋಧಿಸಿ, ಮಕ್ಕಳ ನೋಟ್‌ಬುಕ್ಕುಗಳಲ್ಲಿ ಕಂಡ ತಪ್ಪುಗಳನ್ನು ಹೋಲಿಸಿ, ಮುಂದಿನ ಸಲ ಯಾವುದನ್ನು ಆರಿಸುತ್ತೇವೆ ಮತ್ತು ಏಕೆ ಎಂದು ಎರಡು ಪುಟ ಬರೆಯುವುದು. ಮೇಲ್ವಿಚಾರಕರು ಆ ಎರಡು ಪುಟಗಳಿಗೆ ಅಂಕ ಕೊಡುವುದು. ವಿಭಾಗವೊಂದೇ ಇರುವ ಸಣ್ಣ ಶಾಲೆಗಳಲ್ಲಿ ಹತ್ತಿರದ ಎರಡು ಪಾಠಾಂಶಗಳನ್ನು ಆರಿಸಿಕೊಂಡು ಇದೇ ಕೆಲಸ ಮಾಡಿಸಬಹುದು.